ಸ್ವಚ್ಛ ಇಂಧನದ ಸ್ಟಾರ್ಟ್‌ಅಪ್‌ಗೆ ವೆಂಚರ್ ಕ್ಯಾಪಿಟಲ್: ಕೇಳುವ ಮುಂಚೆ, ಕೇಳುವಾಗ, ಸಹಿ ಹಾಕುವಾಗ

ಪೀಣ್ಯದ ಶೆಡ್ಡಿನಲ್ಲೋ ಹುಬ್ಬಳ್ಳಿಯ ಇನ್‌ಕ್ಯುಬೇಟರ್‌ನಲ್ಲೋ ಒಂದು ಬ್ಯಾಟರಿ ಪ್ಯಾಕ್, ಒಂದು ಇನ್ವರ್ಟರ್ ಅಥವಾ ಕೃಷಿತ್ಯಾಜ್ಯದಿಂದ ಗ್ಯಾಸ್ ತೆಗೆಯುವ ಘಟಕ ಕಟ್ಟಿ ನಿಲ್ಲಿಸಿ, "ಇನ್ನು ಫಂಡಿಂಗ್ ಎತ್ತಬೇಕು" ಅನ್ನುವ ಹಂತಕ್ಕೆ ಬಂದವರಿಗಾಗಿ ಇದನ್ನು ಬರೆದಿದ್ದೇನೆ. ಪಿಚ್ ಡೆಕ್ (ಹೂಡಿಕೆದಾರರಿಗೆ ತೋರಿಸುವ ಸ್ಲೈಡುಗಳು) ಅಂದವಾಗಿ ಮಾಡುವುದು ಹೇಗೆಂದು ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ಕಂಪನಿಗಳು ಎಡವುವುದು ಹೆಚ್ಚಾಗಿ ಡೆಕ್‌ಗೆ ಮುಂಚಿನ ಲೆಕ್ಕದಲ್ಲಿ ಮತ್ತು ಡೆಕ್ ಆದ ಮೇಲಿನ ಕಾಗದಗಳಲ್ಲಿ. ಹಾಗಾಗಿ ಇಲ್ಲಿ ಅವಕ್ಕೇ ಹೆಚ್ಚು ಜಾಗ.

## ಹಂತ 1: ಇದು ವಿಸಿ ದುಡ್ಡಿನ ಕೆಲಸವೇ ನೋಡಿ

ಹೊಸ ಕಂಪನಿಗಳ ಪಾಲು ಕೊಂಡು ದುಡ್ಡು ಹಾಕುವ ವೆಂಚರ್ ಕ್ಯಾಪಿಟಲ್ (ವಿಸಿ) ಫಂಡ್ ನಡೆಸುವವರ ಕೈಯಲ್ಲಿರುವುದು ಅವರ ಸ್ವಂತ ದುಡ್ಡಲ್ಲ. ಶ್ರೀಮಂತ ಕುಟುಂಬಗಳು, ವಿಮಾ ಕಂಪನಿಗಳು, ಸಣ್ಣ ಉದ್ಯಮಗಳ ಬ್ಯಾಂಕಾದ ಸಿಡ್ಬಿಯಂಥ ಸಂಸ್ಥೆಗಳು ಕೊಟ್ಟ ದುಡ್ಡು. ನಮ್ಮಲ್ಲಿ ಇಂಥ ಫಂಡುಗಳು ಸೆಬಿಯ 2012ರ ಎಐಎಫ್ (ಪರ್ಯಾಯ ಹೂಡಿಕೆ ನಿಧಿ) ನಿಯಮದಡಿ ನೋಂದಣಿಯಾಗಿರುತ್ತವೆ, ಆಯಸ್ಸು ಸಾಮಾನ್ಯವಾಗಿ 10 ವರ್ಷ. ಅಷ್ಟರೊಳಗೆ ಹಾಕಿದ್ದನ್ನು ವಾಪಸ್ ತಂದು ಹಂಚಬೇಕು. ಇಪ್ಪತ್ತು ಕಂಪನಿಗೆ ಹಾಕಿದರೆ ಬಹುಪಾಲು ಮುಳುಗುತ್ತವೆ ಅನ್ನುವುದು ಅವರಿಗೆ ಗೊತ್ತು. ಗೆದ್ದ ಒಂದೆರಡು ಇಡೀ ಫಂಡನ್ನು ಎತ್ತಬೇಕು. ಹಾಗಾಗಿ ವರ್ಷಕ್ಕೆ 18 ಪರ್ಸೆಂಟ್ ಲಾಭ ತರುವ ಗಟ್ಟಿ ವ್ಯಾಪಾರವನ್ನು ಅವರ ಮುಂದಿಟ್ಟರೆ, ನಯವಾಗಿ ಚಹಾ ಕೊಟ್ಟು ಕಳಿಸುತ್ತಾರೆ. ಅದು ಕೆಟ್ಟ ವ್ಯಾಪಾರ ಅಂತಲ್ಲ, ಅದಕ್ಕೆ ಹೊಂದುವ ದುಡ್ಡು ಬೇರೆ.

ವಿಸಿ ಎರಡು ಅನುಮಾನಗಳಿಗೆ ದುಡ್ಡು ಕೊಡುತ್ತದೆ. ಈ ತಂತ್ರಜ್ಞಾನ ಕೆಲಸ ಮಾಡುತ್ತದೆಯೇ? ಮಾಡಿದರೆ ಜನ ಕೊಳ್ಳುತ್ತಾರೆಯೇ? ಎರಡೂ ಬಗೆಹರಿದ ಮೇಲೆ ಉಳಿಯುವುದು ಒಂದೇ ಥರದ ಪ್ಲಾಂಟನ್ನು ಹತ್ತು ಕಡೆ ಹಾಕುವ ಕೆಲಸ. ಅದು ಬ್ಯಾಂಕಿನ, ಹಸಿರು ಇಂಧನಕ್ಕೆ ಸಾಲ ಕೊಡುವ ಸರ್ಕಾರಿ ಐರೆಡಾದಂಥ ಸಂಸ್ಥೆಗಳ ಕೆಲಸ. ಪಾವಗಡದ ಸೋಲಾರ್ ಪಾರ್ಕ್ ನೋಡಿ. ಸುಮಾರು 13,000 ಎಕರೆ, ರೈತರಿಂದ ಗುತ್ತಿಗೆಗೆ ಪಡೆದ ಜಮೀನು, 2,050 ಮೆಗಾವ್ಯಾಟ್. ಅಷ್ಟು ದೊಡ್ಡ ಯೋಜನೆಯಲ್ಲಿ ವೆಂಚರ್ ಕ್ಯಾಪಿಟಲ್‌ಗೆ ಕೆಲಸವೇ ಇರಲಿಲ್ಲ, ಏಕೆಂದರೆ ಪ್ಯಾನೆಲ್ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವ ಅನುಮಾನ ಯಾರಿಗೂ ಇರಲಿಲ್ಲ. ಕಂಪನಿಯ ಪಾಲು ಮಾರಿ ತಂದ ಈಕ್ವಿಟಿ ದುಡ್ಡಿನಲ್ಲಿ ಪ್ಯಾನೆಲ್, ಬ್ಯಾಟರಿ, ವಾಹನ ಕೊಳ್ಳುವುದು ಬೆಳೆಸಾಲ ತಂದು ಮದುವೆ ಮಾಡಿದ ಹಾಗೆ.

ಈ ಪಾಠವನ್ನು ಅಮೆರಿಕದವರು ದುಬಾರಿ ಬೆಲೆ ಕೊಟ್ಟು ಕಲಿತರು. 2006ರಿಂದ 2011ರ ನಡುವೆ ಅಲ್ಲಿನ ವಿಸಿಗಳು ಕ್ಲೀನ್‌ಟೆಕ್‌ಗೆ 25 ಬಿಲಿಯನ್ ಡಾಲರ್‌ಗೂ ಹೆಚ್ಚು ಹಾಕಿ, ಅರ್ಧಕ್ಕೂ ಹೆಚ್ಚು ಕಳೆದುಕೊಂಡರು ಎಂದು ಎಂಐಟಿಯ 2016ರ ಅಧ್ಯಯನ ಹೇಳುತ್ತದೆ. ಸೊಲಿಂಡ್ರಾದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಸೋಲಾರ್ ಪ್ಯಾನೆಲ್‌ನ ಕಚ್ಚಾವಸ್ತುವಾದ ಪಾಲಿಸಿಲಿಕಾನ್ ಕೆಜಿಗೆ 400 ಡಾಲರ್ ಮುಟ್ಟಿದ್ದ ಕಾಲದಲ್ಲಿ, ಅದು ಬೇಡದ ಕೊಳವೆಯಾಕಾರದ ಪ್ಯಾನೆಲ್ ಮಾಡಲು ಹೊರಟ ಕಂಪನಿ ಅದು. ಪಾಲಿಸಿಲಿಕಾನ್ ಬೆಲೆ ಕುಸಿಯಿತು, ಚೀನಾದ ಸಾಮಾನ್ಯ ಪ್ಯಾನೆಲ್ ಅಗ್ಗವಾಯಿತು. 53.5 ಕೋಟಿ ಡಾಲರ್ ಸಾಲಕ್ಕೆ ಸರ್ಕಾರದ ಖಾತರಿ ಪಡೆದಿದ್ದ ಕಂಪನಿ 2011ರ ಸೆಪ್ಟೆಂಬರಿನಲ್ಲಿ ದಿವಾಳಿಗೆ ಅರ್ಜಿ ಹಾಕಿತು. ತಂತ್ರಜ್ಞಾನ ಸುಳ್ಳಾಗಿರಲಿಲ್ಲ. ಬೆಲೆಯ ಮೇಲೆ ಜೂಜಾಡುವ ಸರಕನ್ನು ಸಾಫ್ಟ್‌ವೇರ್‌ನಂತೆ ಬೆಳೆಸಬಹುದು ಅಂದುಕೊಂಡದ್ದೇ ಎಡವಟ್ಟು.

ಇನ್ನೊಂದು ದಾರಿ ನಮ್ಮಲ್ಲೇ ಇದೆ. ಹರೀಶ್ ಹಂದೆ 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೆಲ್ಕೋ ಶುರು ಮಾಡಿದಾಗ ಹಳ್ಳಿ ಮನೆಗೆ ಸೋಲಾರ್ ದೀಪ ಕೊಳ್ಳುವ ಶಕ್ತಿ ಒಂದೇ ಗಂಟಿನಲ್ಲಿ ಇರಲಿಲ್ಲ. ಗ್ರಾಹಕರಿಗೇ ಬ್ಯಾಂಕ್ ಸಾಲ ಕೊಡಿಸಿ, ಕಂತಿನಲ್ಲಿ ತೀರಿಸುವ ಏರ್ಪಾಟು ಮಾಡಿದ್ದರಿಂದ ಆ ವ್ಯಾಪಾರ ನಿಂತಿತು. ನಿಮ್ಮ ಉತ್ಪನ್ನ ಹೀಗೆ ಬೆಳೆಯುವ ಜಾತಿಯದಾದರೆ ವಿಸಿ ಬೆನ್ನು ಹತ್ತಿ ಒಂದು ವರ್ಷ ಕಳೆಯಬೇಡಿ. ಗ್ರಾಮೀಣ ಬ್ಯಾಂಕಿನ ವಲಯ ಕಚೇರಿಗೆ ಹೋಗಿ.

## ಹಂತ 2: ಪಾಲು ಬಿಟ್ಟುಕೊಡದೆ ಸಿಗುವ ದುಡ್ಡು ಮೊದಲು

ಪ್ರಯೋಗಾಲಯದ ಕೆಲಸಕ್ಕೆ ಅನುದಾನವೇ ಸರಿ. ಕರ್ನಾಟಕ ಸರ್ಕಾರದ ಎಲಿವೇಟ್ ಕಾರ್ಯಕ್ರಮದಲ್ಲಿ 50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಅದಕ್ಕೆ ಷೇರು ಕೊಡಬೇಕಿಲ್ಲ. ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ ಯೋಜನೆ 2021ರಲ್ಲಿ ಶುರುವಾದದ್ದು, ಇನ್‌ಕ್ಯುಬೇಟರ್ ಮೂಲಕ ಬರುತ್ತದೆ. ಮಾದರಿ ತಯಾರಿಗೆ 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಇಳಿಸಲು 50 ಲಕ್ಷದವರೆಗೆ ಸಾಲದ ರೂಪದಲ್ಲಿ. ಅರ್ಜಿ ಹಾಕುವಾಗ ಕಂಪನಿ ನೋಂದಣಿಯಾಗಿ ಎರಡು ವರ್ಷ ದಾಟಿರಬಾರದು ಅನ್ನುವ ಷರತ್ತಿದೆ. ಹಾಗಾಗಿ ಪ್ರೈವೇಟ್ ಲಿಮಿಟೆಡ್ ಮಾಡಿಸುವ ಆತುರ ಬೇಡ. ಯಾವುದೇ ಯೋಜನೆಯಾದರೂ ಆ ವರ್ಷ ಅರ್ಜಿ ತೆರೆದಿದೆಯೇ ಎಂದು ಮೊದಲು ನೋಡಿಕೊಳ್ಳಿ. ಕಂಪನಿ ಮಾಡಿಸಿದ ಮೇಲೆ ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆ (ಡಿಪಿಐಐಟಿ) ಕೊಡುವ ಸ್ಟಾರ್ಟ್‌ಅಪ್ ಮಾನ್ಯತೆಯನ್ನು ಮಾತ್ರ ತಡಮಾಡಬೇಡಿ. ಕೇಂದ್ರದ ಯೋಜನೆಗೆ ಅದೇ ಪ್ರವೇಶಪತ್ರ.

ಅನುದಾನದ ದುಡ್ಡಿನಲ್ಲಿ ಮಾಡಬೇಕಾದ ಮೊದಲ ಕೆಲಸ ಮೂರನೆಯವರಿಂದ ಪರೀಕ್ಷೆ. ವಿದ್ಯುತ್ ಉಪಕರಣವಾದರೆ ಬೆಂಗಳೂರಿನಲ್ಲೇ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ (ಸಿಪಿಆರ್‌ಐ) ಇದೆ, ವಾಹನ ಮತ್ತು ಅದರ ಬ್ಯಾಟರಿಯಾದರೆ ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ. "ನಮ್ಮ ಲ್ಯಾಬಿನಲ್ಲಿ 94 ಪರ್ಸೆಂಟ್ ದಕ್ಷತೆ ಬಂತು" ಅನ್ನುವ ಸ್ಲೈಡಿಗಿಂತ ಸಿಪಿಆರ್‌ಐ ಮೊಹರಿನ 91 ಪರ್ಸೆಂಟ್ ವರದಿಗೆ ಬೆಲೆ ಹೆಚ್ಚು. ಪರೀಕ್ಷೆಯ ಸಮಯ ಮತ್ತು ಖರ್ಚನ್ನು ಕೈಸಡಿಲವಾಗಿ ಇಟ್ಟುಕೊಳ್ಳಿ. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್ 156 ಮಾನದಂಡ ಬಿಗಿಯಾಗಿ, ಆ ಡಿಸೆಂಬರ್ ಮತ್ತು ಮರುವರ್ಷದ ಮಾರ್ಚ್‌ನಲ್ಲಿ ಎರಡು ಕಂತಾಗಿ ಜಾರಿಗೆ ಬಂತು. ಹಳೆಯ ವಿನ್ಯಾಸದ ಪ್ಯಾಕ್ ಇಟ್ಟುಕೊಂಡಿದ್ದವರು ಮತ್ತೆ ಡ್ರಾಯಿಂಗ್ ಬೋರ್ಡ್ ಮುಂದೆ ಕೂರಬೇಕಾಯಿತು.

## ಹಂತ 3: ಒಂದೇ ಒಂದು ಯೂನಿಟ್‌ನ ಲೆಕ್ಕ

ಇಲ್ಲಿ ನಿಧಾನವಾಗಿ ಹೋಗೋಣ. ಹೂಡಿಕೆದಾರರ ಜೊತೆಗಿನ ಎರಡನೇ ಭೇಟಿಯಲ್ಲಿ ನಡೆಯುವುದು ಇದೇ.

ಆಟೋಗಳಿಗೆ ಬ್ಯಾಟರಿ ಬದಲಿಸಿ ಕೊಡುವ ವ್ಯಾಪಾರ ನಿಮ್ಮದು ಅನ್ನಿ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಪ್ಯಾಕ್ 4 ಕಿಲೋವ್ಯಾಟ್ ಅವರ್ (ಅಂದರೆ 4 ಯೂನಿಟ್ ಕರೆಂಟ್), ಬೆಲೆ 60,000 ರೂಪಾಯಿ. ಒಂದು ಸಲ ಬದಲಿಸಿದರೆ ಚಾಲಕನಿಗೆ ಸಿಗುವುದು 3.2 ಯೂನಿಟ್, ಅವನು ಕೊಡುವುದು 60 ರೂಪಾಯಿ. ಚಾರ್ಜಿಂಗ್‌ನಲ್ಲಿ ಸೋರಿಕೆ ಸೇರಿ ನಿಮಗೆ ಬೇಕಾಗುವುದು 3.6 ಯೂನಿಟ್. ಯೂನಿಟ್‌ಗೆ 8 ರೂಪಾಯಿಯಂತೆ ಕರೆಂಟಿಗೆ 29. ಜಾಗದ ಬಾಡಿಗೆ, ಹುಡುಗರ ಸಂಬಳ ಸೇರಿ 12. ಕೈಗೆ ಉಳಿಯುವುದು 19 ರೂಪಾಯಿ.

ದಿನಕ್ಕೆ ಸರಾಸರಿ ಒಂದೂವರೆ ಬದಲಾವಣೆ, ವರ್ಷಕ್ಕೆ 330 ದಿನ ಅಂದರೆ 495 ಸಲ. ಪ್ಯಾಕ್ 1,500 ಸೈಕಲ್ (ಒಂದು ಸಲ ಚಾರ್ಜ್ ಆಗಿ ಖಾಲಿಯಾದರೆ ಒಂದು ಸೈಕಲ್) ಬಾಳುವುದಾದರೆ ಮೂರು ವರ್ಷಕ್ಕೆ ಮುಗಿಯಿತು. 1,500ನ್ನು 19ರಿಂದ ಗುಣಿಸಿ: 28,500. ಪ್ಯಾಕಿನ ಅಸಲೇ 60,000.

ಈ ಲೆಕ್ಕ ನೋಡಿದ ಮೇಲೂ "ಸ್ಕೇಲ್ ಆದರೆ ಸರಿಹೋಗುತ್ತೆ" ಅನ್ನುವವರಿದ್ದಾರೆ. ಸಾವಿರ ಪ್ಯಾಕ್ ಹಾಕಿದರೆ ನಷ್ಟವೂ ಸಾವಿರ ಪಟ್ಟು, ಅಷ್ಟೇ. ಸರಿಹೋಗಬೇಕಾದರೆ ಒಳಗಿನ ಯಾವುದಾದರೂ ಅಂಕಿ ಬದಲಾಗಬೇಕು. 3,000 ಸೈಕಲ್ ಬಾಳುವ ಸೆಲ್ ತಂದಿರಿ: 57,000. ಆಗಲೂ ಅಸಲು ಹುಟ್ಟುವುದಿಲ್ಲ. ಇವಿ ಚಾರ್ಜಿಂಗ್‌ಗೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಇಟ್ಟಿರುವ ಪ್ರತ್ಯೇಕ ದರ ಸಿಕ್ಕಿ, ಎಲ್ಲ ಸೇರಿ ಯೂನಿಟ್ 5 ರೂಪಾಯಿಗೆ ಬಂತು ಅನ್ನಿ. ಕರೆಂಟಿನ ಖರ್ಚು 18ಕ್ಕೆ ಇಳಿಯಿತು, ಉಳಿತಾಯ 30 ಆಯಿತು, 3,000 ಸೈಕಲ್‌ಗೆ 90,000. ಈಗ ಮಾತಾಡುವುದಕ್ಕೆ ಒಂದು ವ್ಯಾಪಾರ ಇದೆ.

ಹೂಡಿಕೆದಾರರಿಗೆ ಬೇಕಿರುವುದು ಆ 90,000 ಅಲ್ಲ. ಯಾವ ಎರಡು ಅಂಕಿಗಳ ಮೇಲೆ ನಿಮ್ಮ ಕಂಪನಿ ನಿಂತಿದೆ ಎಂಬುದು ನಿಮಗೆ ಗೊತ್ತೇ ಅನ್ನುವುದು. ಇಲ್ಲಿ ಅವು ಸೆಲ್‌ನ ಬಾಳಿಕೆ ಮತ್ತು ಕರೆಂಟಿನ ದರ. ಮೊದಲನೆಯದು ನಿಮ್ಮ ಎಂಜಿನಿಯರ್ ಕೈಯಲ್ಲಿ, ಎರಡನೆಯದು ವಿದ್ಯುತ್ ದರದ ಆದೇಶದಲ್ಲಿ. ಎತ್ತುವ ದುಡ್ಡು ಮೊದಲನೆಯದನ್ನು ಸಾಬೀತು ಮಾಡಲು ಹೋಗಬೇಕು, ಸಾವಿರ ಪ್ಯಾಕ್ ಕೊಳ್ಳಲು ಅಲ್ಲ.

## ಹಂತ 4: ಸಬ್ಸಿಡಿ ತೆಗೆದು ಇನ್ನೊಮ್ಮೆ ಲೆಕ್ಕ ಹಾಕಿ

ನಮ್ಮ ದೇಶದಲ್ಲಿ ಸ್ವಚ್ಛ ಇಂಧನದ ಮಾರುಕಟ್ಟೆಯನ್ನು ಬಹುಮಟ್ಟಿಗೆ ಸರ್ಕಾರವೇ ನಿರ್ಮಿಸಿದೆ, ಅದನ್ನು ಅಲುಗಾಡಿಸುವುದೂ ಸರ್ಕಾರವೇ. ಎಲೆಕ್ಟ್ರಿಕ್ ವಾಹನಗಳಿಗೆ ಕೇಂದ್ರ ಸಬ್ಸಿಡಿ ಕೊಡುತ್ತಿದ್ದ ಫೇಮ್-2 ಯೋಜನೆಯಲ್ಲಿ ದ್ವಿಚಕ್ರ ವಾಹನಕ್ಕೆ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಸಿಗುತ್ತಿದ್ದದ್ದು 2023ರ ಜೂನ್ 1ರಿಂದ 10,000ಕ್ಕೆ ಇಳಿಯಿತು. ವಾಹನದ ಬೆಲೆಯ 40 ಪರ್ಸೆಂಟ್ ಇದ್ದ ಮಿತಿ 15ಕ್ಕೆ ಬಂತು. ಅದರ ನಂತರ ಬಂದ 2024ರ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಕಿಲೋವ್ಯಾಟ್ ಅವರ್‌ಗೆ ಸಿಕ್ಕಿದ್ದು ಮೊದಲ ವರ್ಷ 5,000, ಆಮೇಲೆ 2,500. ಇಳಿಯುವ ದಿಕ್ಕು ಮೊದಲೇ ಗೊತ್ತಿತ್ತು, ವೇಗವಷ್ಟೇ ಗೊತ್ತಿರಲಿಲ್ಲ.

ಆಮದಿನ ಕಥೆಯೂ ಹಾಗೇ. 2022ರ ಏಪ್ರಿಲ್‌ನಿಂದ ಸೋಲಾರ್ ಮಾಡ್ಯೂಲ್ ಮೇಲೆ 40 ಪರ್ಸೆಂಟ್ ಸುಂಕ ಬಂದಾಗ, ದೇಶದಲ್ಲೇ ಮಾಡ್ಯೂಲ್ ಮಾಡುವವರಿಗೆ ಹಬ್ಬ, ತಂದು ಹಾಕುವವರಿಗೆ ತಲೆನೋವು. ಒಂದೇ ಆದೇಶದಿಂದ ನಿಮ್ಮ ಎದುರಿನ ಶೆಡ್ಡಿನವನಿಗೆ ಲಾಭವಾಗಿ ನಿಮಗೆ ನಷ್ಟವಾಗಬಹುದು.

ಹಾಗಾಗಿ ಎಕ್ಸೆಲ್‌ನಲ್ಲಿ ಮೂರು ಕಾಲಂ ಇರಲಿ: ಈಗಿನ ಸಬ್ಸಿಡಿ, ಅರ್ಧ ಸಬ್ಸಿಡಿ, ಸೊನ್ನೆ. ಸೊನ್ನೆಯ ಕಾಲಂನಲ್ಲಿ ನೀವು ಯಾವ ವರ್ಷ ನಷ್ಟದಿಂದ ಹೊರಬರುತ್ತೀರಿ ಎಂದು ನೀವೇ ಮುಂದಾಗಿ ತೋರಿಸಿ. ಅದನ್ನು ಅವರು ಹುಡುಕಿ ಕೇಳುವಂತಾಗಬಾರದು.

## ಹಂತ 5: ಬಾಗಿಲು ಆರಿಸಿ ತಟ್ಟಿ

ನೂರು ಜನರಿಗೆ ಒಂದೇ ಮೇಲ್ ಕಳಿಸಿದರೆ ನೂರಕ್ಕೂ ಉತ್ತರ ಬರುವುದಿಲ್ಲ. ಇಂಧನ ಮತ್ತು ಹವಾಮಾನದ ಕೆಲಸಕ್ಕೇ ಹೂಡುವ ಫಂಡುಗಳು ಈಗ ನಮ್ಮಲ್ಲೇ ಇವೆ. ಬೆಂಗಳೂರಿನ ಟ್ರಾನ್ಸಿಷನ್ ವಿಸಿ, ಮುಂಬೈನ ಅವಾನಾ ಕ್ಯಾಪಿಟಲ್, ಎಲೆಕ್ಟ್ರಿಕ್ ವಾಹನದ ಸುತ್ತ ಹೂಡುವ ಮೈಸೀಲಿಯೊ, ಗಟ್ಟಿ ಎಂಜಿನಿಯರಿಂಗ್ ಇಷ್ಟಪಡುವ ಚೆನ್ನೈನ ಸ್ಪೆಷಾಲೆ ಇನ್ವೆಸ್ಟ್ ಅವುಗಳಲ್ಲಿ ಕೆಲವು. ಪ್ರತಿ ಫಂಡಿನ ವೆಬ್‌ಸೈಟಿನಲ್ಲಿ ಅವರು ಹಾಕಿರುವ ಕಂಪನಿಗಳ ಪಟ್ಟಿ ಇರುತ್ತದೆ. ನಿಮ್ಮದೇ ಕೆಲಸ ಮಾಡುವ ಕಂಪನಿ ಅಲ್ಲಿದ್ದರೆ ಆ ಬಾಗಿಲು ಬಿಡಿ, ನಿಮ್ಮ ಡೆಕ್ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಹೋಲುವ ಆದರೆ ಪೈಪೋಟಿಯಿಲ್ಲದ ಕಂಪನಿ ಇದ್ದರೆ ಅದರ ಸ್ಥಾಪಕರಿಗೆ ಫೋನ್ ಮಾಡಿ. ಫಂಡಿನವರ ನಡವಳಿಕೆ ತಿಳಿಯುವುದು ಅಲ್ಲೇ.

ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ ಒಂದಿದೆ, ಹೊಸಬರು ಸಂಕೋಚಪಟ್ಟು ಕೇಳುವುದಿಲ್ಲ: "ನಿಮ್ಮ ಈ ಫಂಡ್ ಶುರುವಾದದ್ದು ಯಾವ ವರ್ಷ?" ಯಾಕೆ ಅಂತೀರಾ? ಏಥರ್ ಎನರ್ಜಿ ನೋಡಿ. ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ ಕಂಪನಿ ಶುರು ಮಾಡಿದ್ದು 2013ರಲ್ಲಿ. 2014ರಲ್ಲಿ ಫ್ಲಿಪ್‌ಕಾರ್ಟ್‌ನ ಸಚಿನ್ ಮತ್ತು ಬಿನ್ನಿ ಬನ್ಸಲ್, 2015ರಲ್ಲಿ ಟೈಗರ್ ಗ್ಲೋಬಲ್ ದುಡ್ಡು ಹಾಕಿದರು. ಬೆಂಗಳೂರಿನ ರಸ್ತೆಗೆ ಮೊದಲ ಸ್ಕೂಟರ್ ಇಳಿದದ್ದು 2018ರಲ್ಲಿ. ಷೇರುಪೇಟೆಗೆ ಬಂದದ್ದು 2025ರ ಮೇ ತಿಂಗಳಲ್ಲಿ, ಅದೂ ನಷ್ಟದಲ್ಲಿದ್ದಾಗಲೇ. ಹನ್ನೆರಡು ವರ್ಷ. ಹತ್ತು ವರ್ಷದ ಫಂಡ್ ತನ್ನ ಆರನೇ ವರ್ಷದಲ್ಲಿ ನಿಮಗೆ ದುಡ್ಡು ಕೊಟ್ಟರೆ, ನಿಮ್ಮ ಕಾರ್ಖಾನೆ ಶುರುವಾಗುವ ಹೊತ್ತಿಗೆ ಅವರು "ಯಾರಿಗಾದರೂ ಮಾರಿಬಿಡೋಣ" ಅನ್ನತೊಡಗುತ್ತಾರೆ. ಅವರ ತಪ್ಪೇನೂ ಇಲ್ಲ, ಗಡುವು ಹಾಗಿದೆ.

ಏಥರ್‌ನಲ್ಲಿ ಇನ್ನೊಂದು ಗಮನಿಸುವ ವಿಷಯ, 2016ರಲ್ಲಿ ಹೀರೋ ಮೋಟೋಕಾರ್ಪ್ 205 ಕೋಟಿ ಹಾಕಿದ್ದು. ಇಂಥ ದೊಡ್ಡ ಕಂಪನಿಗಳಿಗೆ ಫಂಡಿನ ಗಡುವು ಇರುವುದಿಲ್ಲ, ತಾಳ್ಮೆ ಹೆಚ್ಚು. ಆದರೆ ಅವರು "ಮಾರುವುದಾದರೆ ಮೊದಲು ನಮಗೇ" ಎಂಬ ಷರತ್ತು ಕೇಳಿದರೆ ಒಪ್ಪಬೇಡಿ. ಅವರ ಪ್ರತಿಸ್ಪರ್ಧಿಗಳು ಆಮೇಲೆ ನಿಮ್ಮ ಹತ್ತಿರವೂ ಸುಳಿಯುವುದಿಲ್ಲ.

## ಹಂತ 6: ಡೇಟಾ ರೂಮ್

ಹೂಡಿಕೆದಾರರು ಪರಿಶೀಲಿಸುವ ಕಾಗದಗಳನ್ನೆಲ್ಲ ಒಂದೆಡೆ ಇಡುವುದಕ್ಕೆ ಡೇಟಾ ರೂಮ್ ಅನ್ನುತ್ತಾರೆ. ಇದು ಬೇಸರದ ಕೆಲಸ, ಆದರೆ ಒಂದು ವಾರದ್ದು. ಕಂಪನಿ ಕಾಗದ, ಷೇರುದಾರರ ಪಟ್ಟಿ, ಪರೀಕ್ಷಾ ವರದಿ, ಗ್ರಾಹಕರ ಒಪ್ಪಂದ, ಜಿಎಸ್‌ಟಿ ಮತ್ತು ಟಿಡಿಎಸ್ ರಿಟರ್ನ್ ಎಲ್ಲ ಒಂದೇ ಫೋಲ್ಡರಿನಲ್ಲಿರಲಿ. ಎರಡು ಕಡೆ ಮಾತ್ರ ವಿಶೇಷ ಎಚ್ಚರ ಬೇಕು.

ಮೊದಲನೆಯದು ಪೇಟೆಂಟ್ ಯಾರ ಹೆಸರಿನಲ್ಲಿದೆ ಅನ್ನುವುದು. ನಿಮ್ಮ ತಂತ್ರಜ್ಞಾನ ಕಾಲೇಜಿನ ಪ್ರಯೋಗಾಲಯದಲ್ಲಿ ಹುಟ್ಟಿದ್ದರೆ ಅದರ ಹಕ್ಕು ಬಹುತೇಕ ಸಂಸ್ಥೆಯದ್ದು. ಕಂಪನಿಗೆ ಲೈಸೆನ್ಸ್ ಬರೆಸಿಕೊಳ್ಳದೆ ಹೂಡಿಕೆದಾರರ ಮುಂದೆ ಹೋಗಬೇಡಿ. ಗೈಡ್ ಬಾಯಲ್ಲಿ "ಅದೇನಿಲ್ಲ ಬಿಡಪ್ಪ, ನಿಂದೇ" ಅಂದದ್ದು ದಾಖಲೆಯಾಗುವುದಿಲ್ಲ.

ಎರಡನೆಯದು ನಿಮ್ಮದೇ ಇನ್ನೊಂದು ಕಂಪನಿ, ಅಣ್ಣನ ಕಂಪನಿ, ಭಾವಮೈದುನನ ಕಂಪನಿ ಜೊತೆಗಿನ ವ್ಯವಹಾರ. 2025ರ ಏಪ್ರಿಲ್‌ನಲ್ಲಿ ಜೆನ್‌ಸೋಲ್ ಎಂಜಿನಿಯರಿಂಗ್ ಬಗ್ಗೆ ಸೆಬಿ ಹೊರಡಿಸಿದ ಮಧ್ಯಂತರ ಆದೇಶದಲ್ಲಿ, ಎಲೆಕ್ಟ್ರಿಕ್ ಕಾರು ಕೊಳ್ಳಲೆಂದು ತೆಗೆದ ಸಾಲ ಬೇರೆಡೆಗೆ ಹರಿದ ಆರೋಪ ಇತ್ತು. ಅದರೊಂದಿಗೆ ನಂಟಿದ್ದ ಬ್ಲೂಸ್ಮಾರ್ಟ್ ಟ್ಯಾಕ್ಸಿ ಬೆಂಗಳೂರು, ದೆಹಲಿಗಳಲ್ಲಿ ಓಡಾಟ ನಿಲ್ಲಿಸಿತು. ಇಂಥದ್ದು ಬಯಲಾದ ಮೇಲೆ ಹೂಡಿಕೆದಾರರ ವಕೀಲರು ನಂಟಿನ ಕಂಪನಿಗಳ ಲೆಕ್ಕವನ್ನು ಸಾಲು ಸಾಲಾಗಿ ಓದುತ್ತಾರೆ. ನೀವೇ ಪಟ್ಟಿ ಮಾಡಿ ಕೊಟ್ಟುಬಿಡಿ.

## ಹಂತ 7: ಟರ್ಮ್ ಶೀಟ್ ಬಂದಾಗ ಮೌಲ್ಯ ಬಿಟ್ಟು ಉಳಿದದ್ದನ್ನೂ ಓದಿ

ಹೂಡಿಕೆಯ ಷರತ್ತುಗಳನ್ನು ಪಟ್ಟಿ ಮಾಡಿದ ಕಾಗದವೇ ಟರ್ಮ್ ಶೀಟ್. ಅದರಲ್ಲಿ "24 ಕೋಟಿ ವ್ಯಾಲ್ಯುಯೇಷನ್, 6 ಕೋಟಿ ಹೂಡಿಕೆ" ಎಂದು ಬರೆದಿದೆ ಅನ್ನಿ. ದುಡ್ಡು ಬಂದ ಮೇಲೆ ಕಂಪನಿ 30 ಕೋಟಿ, ಅವರ ಪಾಲು 20 ಪರ್ಸೆಂಟ್. ಹಾಗಾದರೆ ನಿಮಗೆ 80 ಉಳಿಯಿತೇ? ಕೆಳಗಿನ ಸಾಲು ಓದಿ. "ಹೂಡಿಕೆಯ ಮುಂಚಿನ ಮೌಲ್ಯದಲ್ಲೇ 10 ಪರ್ಸೆಂಟ್ ಈಸಾಪ್ ಇಡತಕ್ಕದ್ದು" ಎಂದಿದ್ದರೆ ನೌಕರರ ಆ ಪಾಲು ನಿಮ್ಮ ಕಡೆಯಿಂದಲೇ ಹೋಗುತ್ತದೆ. ನಿಮಗೆ 70. ಅಂದರೆ ನಿಮ್ಮ ಕೈಲಿರುವ ಕಂಪನಿಗೆ ಅವರು ಕಟ್ಟಿದ ಬೆಲೆ 21 ಕೋಟಿ. ಈಸಾಪ್ ಬೇಡ ಅನ್ನಬೇಡಿ, ಬೇಕಾದದ್ದೇ. ಮುಂದಿನ 18 ತಿಂಗಳಲ್ಲಿ ಯಾರು ಯಾರನ್ನು ಸೇರಿಸಿಕೊಳ್ಳುತ್ತೀರಿ ಎಂದು ಪಟ್ಟಿ ಇಟ್ಟು, 6 ಪರ್ಸೆಂಟ್ ಸಾಕು ಎಂದು ವಾದಿಸಿ.

ಇದಕ್ಕಿಂತ ಮುಖ್ಯವಾದದ್ದು ಲಿಕ್ವಿಡೇಷನ್ ಪ್ರಿಫರೆನ್ಸ್, ಅಂದರೆ ಕಂಪನಿ ಮಾರಾಟವಾದಾಗ ಯಾರಿಗೆ ಮೊದಲು ಎಷ್ಟು ಅನ್ನುವ ಷರತ್ತು. ಒಂದು ಪಟ್ಟು, ನಾನ್-ಪಾರ್ಟಿಸಿಪೇಟಿಂಗ್ ಎಂದಿದ್ದರೆ ಹೂಡಿಕೆದಾರ ತನ್ನ 6 ಕೋಟಿಯನ್ನಾದರೂ ತಗೊಳ್ಳಬಹುದು, ಇಲ್ಲವೇ 20 ಪರ್ಸೆಂಟ್ ಪಾಲನ್ನಾದರೂ. ಎರಡರಲ್ಲಿ ಒಂದು. ಪಾರ್ಟಿಸಿಪೇಟಿಂಗ್ ಎಂದಿದ್ದರೆ 6 ಕೋಟಿಯೂ ಬೇಕು, ಉಳಿದದ್ದರಲ್ಲಿ 20 ಪರ್ಸೆಂಟೂ ಬೇಕು. ಕಂಪನಿ 60 ಕೋಟಿಗೆ ಮಾರಾಟವಾದರೆ ಮೊದಲ ಷರತ್ತಿನಲ್ಲಿ ಅವರಿಗೆ 12 ಕೋಟಿ, ಎರಡನೆಯದರಲ್ಲಿ 16.8 ಕೋಟಿ. 15 ಕೋಟಿಗೆ ಹೋದರೆ 6 ಮತ್ತು 7.8. ಯಂತ್ರೋಪಕರಣದ ಕಂಪನಿಗಳು ನಾಲ್ಕೈದು ಸುತ್ತು ದುಡ್ಡು ಎತ್ತುತ್ತವೆ, ಮೊದಲ ಸುತ್ತಿನಲ್ಲಿ ಒಪ್ಪಿದ್ದನ್ನೇ ಮುಂದಿನವರೂ ಕೇಳುತ್ತಾರೆ. ಹಾಗಾಗಿ ಮೌಲ್ಯದಲ್ಲಿ ಎರಡು ಕೋಟಿ ಬಿಟ್ಟುಕೊಟ್ಟಾದರೂ ನಾನ್-ಪಾರ್ಟಿಸಿಪೇಟಿಂಗ್ ಉಳಿಸಿಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಕಂತಿನಲ್ಲಿ ಕೊಡುವ ದುಡ್ಡಿನ ಷರತ್ತೂ ನಮ್ಮ ಕ್ಷೇತ್ರದಲ್ಲಿ ಹೆಚ್ಚು. "ನೆಟ್ ಮೀಟರಿಂಗ್ ಅನುಮತಿ ಬಂದ ಮೇಲೆ ಎರಡನೇ ಕಂತು" ಎಂದು ಬರೆದರೆ ನಿಮ್ಮ ಸಂಬಳದ ದಿನ ಎಸ್ಕಾಂನ ಕಡತದ ಮೇಲೆ ನಿಂತಂತೆ. ಕಂತಿನ ಗುರಿಗಳು ನಿಮ್ಮ ಕೈಯಳತೆಯಲ್ಲಿರಬೇಕು: ಇಷ್ಟು ಗಂಟೆ ಓಡಿದ ಪೈಲಟ್ (ಪ್ರಾಯೋಗಿಕ ಘಟಕ), ಇಂಥ ಪರೀಕ್ಷಾ ವರದಿ, ಇಷ್ಟು ಜನ ದುಡ್ಡು ಕೊಟ್ಟ ಗ್ರಾಹಕರು.

ಮೌಲ್ಯದ ಬಗ್ಗೆ ಒಮ್ಮತವೇ ಬರದಿದ್ದರೆ ಕನ್ವರ್ಟಿಬಲ್ ನೋಟ್, ಅಂದರೆ ಆಮೇಲೆ ಷೇರಾಗಿ ಬದಲಾಗುವ ಸಾಲಪತ್ರ ಇದೆ. ಡಿಪಿಐಐಟಿ ಮಾನ್ಯತೆಯಿರುವ ಕಂಪನಿಗೆ ಒಬ್ಬ ಹೂಡಿಕೆದಾರ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಕೊಡಬೇಕು ಅನ್ನುವುದು ನಿಯಮ. ಹೆಚ್ಚು ಮೌಲ್ಯಕ್ಕೆ ಷೇರು ಕೊಟ್ಟರೆ ಬೀಳುತ್ತಿದ್ದ ಏಂಜೆಲ್ ತೆರಿಗೆಯ ಕಾಟ 2024ರ ಜುಲೈ ಬಜೆಟ್‌ನಲ್ಲಿ ತೊಲಗಿತು, ಅದೊಂದು ನೆಮ್ಮದಿ.

ಸಹಿಗೆ ಮುಂಚೆ ಸ್ಟಾರ್ಟ್‌ಅಪ್ ಕಾಗದಗಳನ್ನೇ ನೋಡುವ ವಕೀಲರಿಗೆ ತೋರಿಸಿ. ಮನೆಯ ಕ್ರಯಪತ್ರ ಮಾಡಿಸಿಕೊಟ್ಟ ಪರಿಚಯದ ವಕೀಲರು ಎಷ್ಟೇ ಒಳ್ಳೆಯವರಾದರೂ ಇದಕ್ಕೆ ಬೇಡ.

## ಹಂತ 8: ದುಡ್ಡು ಬಂದ ದಿನದಿಂದ

ಷೇರಿನ ದುಡ್ಡು ಪ್ರತ್ಯೇಕ ಖಾತೆಗೆ ಬರಬೇಕು, 60 ದಿನದೊಳಗೆ ಷೇರು ಹಂಚಬೇಕು, ಷೇರು ಹಂಚಿದ ವಿವರದ ಪಿಎಎಸ್-3 ಫಾರಂ ಸಲ್ಲಿಸುವ ತನಕ ಆ ದುಡ್ಡು ಮುಟ್ಟುವಂತಿಲ್ಲ. ಹೊರದೇಶದ ದುಡ್ಡಾದರೆ ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ವರದಿ ಸಲ್ಲಿಸಬೇಕು. ಚೀನಾ ಸೇರಿದಂತೆ ನಮ್ಮ ಗಡಿಗೆ ಹೊಂದಿದ ದೇಶಗಳ ದುಡ್ಡಿಗೆ ಸರ್ಕಾರದ ಮುಂಗಡ ಅನುಮತಿ ಬೇಕು ಎಂಬ ನಿಯಮ 2020ರಲ್ಲಿ ಬಂತು. ಫಂಡಿನ ಹಿಂದೆ ಯಾರಿದ್ದಾರೆ ಎಂದು ಮೊದಲೇ ಕೇಳಿಕೊಳ್ಳಿ.

ಆಮೇಲೆ ನಿಮ್ಮ ಈಕ್ವಿಟಿ ದುಡ್ಡನ್ನು ಸದ್ದಿಲ್ಲದೆ ತಿನ್ನುವುದು ಅಂದರೆ ಗ್ರಾಹಕರಿಂದ ಬರಬೇಕಾದ ಬಾಕಿ. ದೊಡ್ಡ ಕಂಪನಿ ಅಥವಾ ಸರ್ಕಾರಿ ಇಲಾಖೆ ಗ್ರಾಹಕರಾದರೆ ಬಿಲ್ಲು ಆರು ತಿಂಗಳು ಮಲಗಬಹುದು. ಉದ್ಯಮ್ ನೋಂದಣಿ ಇಟ್ಟುಕೊಂಡಿರಿ. ಅತಿಸಣ್ಣ ಮತ್ತು ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಪಾವತಿಸಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಗ್ರಾಹಕರು ಟ್ರೆಡ್ಸ್ ವೇದಿಕೆಯಲ್ಲಿದ್ದರೆ ಬಿಲ್ಲನ್ನೇ ಅಲ್ಲಿ ಮಾರಿ ದುಡ್ಡು ಮಾಡಿಕೊಳ್ಳಬಹುದು.

ಪೈಲಟ್ ಓಡತೊಡಗಿದ ತಿಂಗಳಿನಿಂದಲೇ ಅದರ ಅಂಕಿಗಳನ್ನು ಬ್ಯಾಂಕಿನವರು ಓದುವ ರೂಪದಲ್ಲಿ ಬರೆದಿಡಿ: ದಿನಕ್ಕೆ ಎಷ್ಟು ಯೂನಿಟ್, ಎಷ್ಟು ಗಂಟೆ ಕೆಟ್ಟು ನಿಂತಿತ್ತು, ಗ್ರಾಹಕ ಯಾವ ತಾರೀಖಿಗೆ ದುಡ್ಡು ಕಟ್ಟಿದ. ಒಂದು ವರ್ಷದ ಇಂಥ ದಾಖಲೆ ಇದ್ದರೆ ಸಿಡ್ಬಿ, ಐರೆಡಾ ಅಥವಾ ಎನ್‌ಬಿಎಫ್‌ಸಿ ಎದುರು ಕೂತು ಮಾತಾಡಬಹುದು. ಎರಡನೇ ಸುತ್ತಿನ ಹೂಡಿಕೆದಾರರೂ ಇದನ್ನೇ ಕೇಳುತ್ತಾರೆ. ಆ ಸುತ್ತಿಗೆ ಓಡಾಡಲು ಶುರು ಮಾಡುವಾಗ ಖಾತೆಯಲ್ಲಿ ಒಂಬತ್ತು ತಿಂಗಳ ಖರ್ಚಾದರೂ ಇರಲಿ. ಯಂತ್ರ, ಪರೀಕ್ಷೆ, ಅನುಮತಿ ಎಲ್ಲ ಇರುವ ಕಂಪನಿಯನ್ನು ಫಂಡಿನವರು ಪರಿಶೀಲಿಸಿ ಮುಗಿಸಲು ಆರು ತಿಂಗಳು ಹಿಡಿಯುವುದು ಅಪರೂಪವಲ್ಲ.